ಸೀಸ ಹಿಡಿಯದ ನಳಿಗೆ

ಎಲ್ವುಡ್ ಕ್ರೆಬ್ಸ್ ತಮ್ಮ ಎಪ್ಪತ್ತೊಂದು ವರ್ಷಗಳಲ್ಲಿ ನಲವತ್ತೇಳನ್ನು ಕರಗಿದ ಸೀಸದ ಪಕ್ಕದಲ್ಲೇ ಕಳೆದವರು. ಮೊದಲ ಮೂವತ್ತನಾಲ್ಕು ವರ್ಷ ನಮ್ಮ ಟ್ಯಾನರ್ಸ್ ಗ್ಯಾಪಿನ ಪತ್ರಿಕೆಯಲ್ಲಿ ಲೈನೋಟೈಪ್ ಯಂತ್ರದ ಮುಂದೆ. ಆಮೇಲಿನದೆಲ್ಲ ಮನೆಯ ನೆಲಮಾಳಿಗೆಯಲ್ಲಿ, ಪಿಸ್ತೂಲಿಗೆ ಗುಂಡು ಎರಕ ಹೊಯ್ಯುತ್ತ. ಎರಡೂ ಅಚ್ಚಿನ ಕೆಲಸವೇ. ಅಲ್ಲಿ ಅಕ್ಷರ ಬೀಳುತ್ತಿತ್ತು, ಇಲ್ಲಿ ಗುಂಡು ಬೀಳುತ್ತದೆ. ಗುಂಡಿಗಿಂತ ಅಕ್ಷರಕ್ಕೆ ಬಿದ್ದ ಜನರೇ ಜಾಸ್ತಿ ಎಂದು ಅವರು ಹೇಳುವುದಿತ್ತು.

ಆ ಪತ್ರಿಕೆಯಲ್ಲಿ ಪ್ರೂಫ್ ಓದುವ ಕೆಲಸ ನನ್ನದಾಗಿತ್ತು. ಸ್ಪೆಲಿಂಗ್ ತಪ್ಪಿದಾಗಲೆಲ್ಲ ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿಗೆ ಕೊಟ್ಟ ಏಟುಗಳೇ ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲ ಊರಿನಲ್ಲಿ ನನಗೆ ಅನ್ನ ಹಾಕಿದವು. ಎಲ್ವುಡ್ ಒಂದು ಸಾಲು ಒತ್ತಿದರೆ ಇಡೀ ಸಾಲು ಒಂದೇ ಸೀಸದ ಪಟ್ಟಿಯಾಗಿ, ಬಿಸಿಬಿಸಿಯಾಗಿ ತಟ್ಟೆಗೆ ಜಾರುತ್ತಿತ್ತು. ತಪ್ಪಿದ್ದರೆ ನಾನು ಪೆನ್ಸಿಲ್ಲಿನಿಂದ ಗೀಟು ಹಾಕುತ್ತಿದ್ದೆ. ಅವರು ಆ ಪಟ್ಟಿಯನ್ನು ಎತ್ತಿ ಮತ್ತೆ ಕುದಿಯುವ ಪಾತ್ರೆಗೆ ಎಸೆಯುತ್ತಿದ್ದರು. ಸೀಸದಲ್ಲಿ ಮಾಡಿದ ತಪ್ಪು ಕರಗಿಹೋಗುತ್ತದೆ. ಇದು ಅವರ ಕಸುಬಿನ ದೊಡ್ಡ ನೆಮ್ಮದಿ. ಮುಂದೆ ಆದದ್ದಕ್ಕೆಲ್ಲ ಈ ನೆಮ್ಮದಿಯೇ ಕಾರಣ ಎಂದು ನನಗೆ ಈಗ ಅನ್ನಿಸುತ್ತದೆ.

ಪತ್ರಿಕೆ ಹೊಸ ಯಂತ್ರ ತಂದು ಹಳೆಯದನ್ನು ಗುಜರಿಗೆ ಹಾಕಿದ ದಿನ, ಎಲ್ವುಡ್ ಕೊನೆಯದಾಗಿ ತಮ್ಮ ಹೆಸರಿನದೇ ಒಂದು ಸಾಲು ಎರಕ ಹೊಯ್ದು ಜೇಬಿಗೆ ಹಾಕಿಕೊಂಡರು. ಬೆರಳುದ್ದದ ಪಟ್ಟಿ; ಅದರ ಅಂಚಿನ ಮೇಲೆ ತಿರುಗುಮುರುಗಾಗಿ ‘ಎಲ್ವುಡ್ ಕ್ರೆಬ್ಸ್’. ಜೊತೆಗೆ ಆರು ಬಕೆಟ್ ಅಚ್ಚಿನ ಸೀಸವನ್ನೂ ಮನೆಗೆ ಹೊತ್ತು ತಂದರು. ಗುಂಡಿನ ಹುಚ್ಚು ಶುರುವಾದದ್ದು ಅಲ್ಲಿಂದ.

ನಮ್ಮ ಕಡೆ ಚಳಿಗಾಲದ ಶನಿವಾರಗಳಲ್ಲಿ ಜನ ಕ್ಲಬ್ಬಿನ ಉದ್ದನೆಯ ಹಾಲಿನಲ್ಲಿ ಸಾಲಾಗಿ ನಿಂತು, ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಕಾಗದದ ಕಪ್ಪು ಬೊಟ್ಟಿಗೆ ಗುರಿಯಿಡುತ್ತಾರೆ. ಅಂಗಡಿಯ ತೋಟಾ ದುಬಾರಿ. ಆದ್ದರಿಂದ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಆರಿಸಿ ತಂದು ಮನೆಯಲ್ಲೇ ಮತ್ತೆ ತುಂಬುತ್ತಾರೆ: ತಳದಲ್ಲಿ ಕಿಡಿ ಹೊತ್ತಿಸುವ ಹೊಸ ಬಿಲ್ಲೆ, ಒಳಗೆ ಒಂದು ಚಿಟಿಕೆ ಮದ್ದು, ಬಾಯಿಗೆ ಸ್ವಂತ ಎರಕದ ಸೀಸದ ಗುಂಡು. ಇದರಲ್ಲಿ ದಿನನಿತ್ಯದ ಕಾಟವೆಂದರೆ ಸೀಸ ಹಿಡಿಯುವುದು. ಹಾರುವ ಗುಂಡು ನಳಿಗೆಯ ಒಳಗೋಡೆಗೆ ತನ್ನ ಮೈಯನ್ನು ಬಳಿಯುತ್ತ ಹೋಗುತ್ತದೆ. ಮೂವತ್ತು ನಲವತ್ತು ಹೊಡೆಯುವಷ್ಟರಲ್ಲಿ ಒಳಗಿನ ಸುರುಳಿ ಗೀರುಗಳು ತುಂಬಿ ಹೋಗುತ್ತವೆ. ಗುಂಡು ಕುಡುಕನ ಹಾಗೆ ಎಲ್ಲೆಲ್ಲಿಗೋ ಹೊರಡುತ್ತದೆ. ಎಲ್ಲರ ನಳಿಗೆಯೂ ಸೀಸ ಹಿಡಿಯುತ್ತಿತ್ತು, ಎಲ್ವುಡ್‌ರದ್ದು ಬಿಟ್ಟು.

ಕ್ಲಬ್ಬಿನಲ್ಲಿ ಅತಿ ಹೆಚ್ಚು ಸೀಸ ಹಿಡಿಯುತ್ತಿದ್ದುದು ಬರ್ನಡೆಟ್ ಯಾನೋಶಿಕ್‌ಳ ರಿವಾಲ್ವರ್. ಬರ್ನಡೆಟ್ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳು, ನಲವತ್ತಾರರ ಗಟ್ಟಿ ಹೆಂಗಸು. ಆ ರಿವಾಲ್ವರ್ ಗಣಿಯಲ್ಲಿ ಶ್ವಾಸಕೋಶ ಸುಟ್ಟುಕೊಂಡು ಸತ್ತ ಅವಳ ಅಪ್ಪನದು. ಮೊದಲ ಇಪ್ಪತ್ತು ಗುಂಡು ಕಪ್ಪು ಬೊಟ್ಟಿನಲ್ಲೇ. ಕೊನೆಯ ಹತ್ತು ಪಕ್ಕದವರ ಕಾಗದದ ಮೇಲೆ. ಮನೆಗೆ ಹೋಗಿ ಹಿತ್ತಾಳೆ ಬ್ರಷ್ಷಿನಲ್ಲಿ ಒಂದು ಗಂಟೆ ತಿಕ್ಕಬೇಕು, ಶಾಲೆಯ ಹಂಡೆ ತಿಕ್ಕಿದ ಮೇಲೆ. ಗುಂಡು ಇನ್ನೂ ಗಡುಸಾಗಿರಬೇಕು ಎಂದು ಎಲ್ಲರೂ ಬುದ್ಧಿ ಹೇಳಿದರು. ಗಡುಸಾದದ್ದು ತಂದಳು, ಕಾಟ ಜಾಸ್ತಿಯಾಯಿತು. ಅವಳಣ್ಣ ಎಮಿಲ್, ಊರಿಗೆಲ್ಲ ತಮಾಷೆ ಮಾಡುವವನು, ಅವಳ ನಳಿಗೆಯಲ್ಲಿ ಇನ್ನೊಂದು ಗಣಿ ತೆಗೆಯಬಹುದೆಂದು ಕ್ಲಬ್ಬಿನ ತುಂಬ ಹೇಳಿಕೊಂಡು ತಿರುಗಿದ.

ಮಾರ್ಚ್ ಮೊದಲ ವಾರ ಬರ್ನಡೆಟ್ ರಿವಾಲ್ವರ್ ಹಿಡಿದುಕೊಂಡು ಎಲ್ವುಡ್‌ರ ನೆಲಮಾಳಿಗೆಗೆ ಇಳಿದಳು. ಅವರು ವೈದ್ಯರ ಹಾಗೆ ಮೊದಲು ಮದ್ದು ಕೊಡಲಿಲ್ಲ, ಪರೀಕ್ಷೆ ಮಾಡಿದರು. ತಾಮ್ರದ ಎಳೆ ಸುತ್ತಿದ ಕಡ್ಡಿಯಿಂದ ಹಳೆಯ ಸೀಸವನ್ನು ಪೂರ್ತಿ ಕೆರೆದು ತೆಗೆದರು. ಬೆಳ್ಳಗೆ ಹೊಳೆಯುವ ಸುರುಳಿಗಳು ಉದುರಿದವು. ಆಮೇಲೆ ಎಣ್ಣೆ ಹಚ್ಚಿದ ಮೆತ್ತನೆಯ ಸೀಸದ ಉಂಡೆಯೊಂದನ್ನು ನಳಿಗೆಯ ಉದ್ದಕ್ಕೂ ತಳ್ಳಿ, ಆಚೆ ಬಂದದ್ದನ್ನು ಅಳೆದರು. ಅವಳಪ್ಪನ ನಳಿಗೆ ಕೂದಲೆಳೆಯಷ್ಟು ಸವೆದು ಹಿಗ್ಗಿತ್ತು. ಅಂಗಡಿಯ ಗುಂಡು ಅದಕ್ಕೆ ಸಡಿಲ. ಸಡಿಲವಾದ ಗುಂಡಿನ ಪಕ್ಕದಿಂದ ಬೆಂಕಿಯ ಗಾಳಿ ನುಗ್ಗಿ ಸೀಸವನ್ನು ನೆಕ್ಕಿ ಗೋಡೆಗೆ ಮೆತ್ತುತ್ತದೆ. ಗಡುಸು ಗುಂಡಾದರೆ ಅರಳಿ ಸಂದು ಮುಚ್ಚುವುದೂ ಇಲ್ಲ. ಬೇಕಾದದ್ದು ಗಡುಸಲ್ಲ, ಮೈಗೆ ಸರಿಯಾದ ಅಳತೆ ಮತ್ತು ಸ್ವಲ್ಪ ಮೆತ್ತನೆ ಸ್ವಭಾವ ಎಂದು ಎಲ್ವುಡ್ ವಿವರಿಸಿದರು. ಗಂಡ ಹುಡುಕುವವರಿಗೂ ಇದನ್ನೇ ಹೇಳಬೇಕು ಎಂದು ಬರ್ನಡೆಟ್ ಅಂದಳಂತೆ. ಅವಳ ಗಂಡ ಗಡುಸಾಗಿದ್ದ, ಸಡಿಲವೂ ಆಗಿದ್ದ. ಬಿಟ್ಟುಹೋಗಿ ಒಂಬತ್ತು ವರ್ಷ.

ಎಲ್ವುಡ್ ಅಚ್ಚಿನ ಸೀಸ ಕಡಿಮೆ ಮಾಡಿ ಮೆತ್ತನೆ ಸೀಸ ಹೆಚ್ಚಿಸಿ, ಕೂದಲೆಳೆಯಷ್ಟು ದಪ್ಪವಾಗಿ ಎರಕ ಹೊಯ್ದು, ಜೇನುಮೇಣದ ಜಿಡ್ಡು ಬಳಿದು ನೂರೈವತ್ತು ತೋಟಾ ತಯಾರಿಸಿದರು. ಐವತ್ತರ ಮೂರು ಡಬ್ಬಿ. ಗುರುವಾರ ಬರ್ನಡೆಟ್ ತೆಗೆದುಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕ್ಲಬ್ಬಿನಲ್ಲಿ ಅವಳು ಹೊಡೆಯಲು ನಿಂತಾಗ ಎಲ್ವುಡ್ ತಮ್ಮದನ್ನು ಹೊಡೆಯಲೇ ಇಲ್ಲ. ಅವಳ ಹಿಂದೆ ಮಡಚು ಕುರ್ಚಿ ಹಾಕಿಕೊಂಡು ಕೂತರು. ಪಕ್ಕದಲ್ಲಿ ನಾನು. ಇಪ್ಪತ್ತು ಗುಂಡಾದರೂ ಬೊಟ್ಟಿನಲ್ಲಿ. ಮೂವತ್ತಾದರೂ ಬೊಟ್ಟಿನಲ್ಲೇ. ಎಲ್ವುಡ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಹಳೆಯ ದಿನಗಳಲ್ಲಿ ಇಡೀ ಪುಟಕ್ಕೆ ನಾನೊಂದು ಗೀಟೂ ಹಾಕದಿದ್ದಾಗ ಹಾರುತ್ತಿದ್ದ ಹುಬ್ಬು ಅದು.

ಮುಂದಿನದು ಅವಸರದ ಸುತ್ತು, ಹತ್ತು ಸೆಕೆಂಡಿನಲ್ಲಿ ಐದು. ಮೊದಲನೆಯದು ಸರಿಯಾಗಿ ಸಿಡಿಯಿತು. ಎರಡನೆಯದು ಸಿಡಿಯಲಿಲ್ಲ, ಯಾರೋ ಅಡುಗೆಮನೆಯ ಕಪಾಟು ಮುಚ್ಚಿದ ಹಾಗೆ ‘ಟಪ್’ ಎಂದಿತು. ಅಷ್ಟೆ. ಅಕ್ಕಪಕ್ಕದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವಂಥದ್ದಲ್ಲ. ಎಲ್ವುಡ್‌ರಿಗೆ ಕೇಳಿಸಿತು. ಕುರ್ಚಿ ಹಿಂದಕ್ಕೆ ಬಿತ್ತು, ಅವರ ಕೈ ಅವಳ ಹೆಗಲ ಮೇಲೆ. ಆದರೆ ಬರ್ನಡೆಟ್ ಆಗಲೇ ರಿವಾಲ್ವರನ್ನು ಮೇಜಿಗೆ ಇಳಿಸಿಬಿಟ್ಟಿದ್ದಳು. ಕೈಗೆ ಒದೆತ ಬರಲಿಲ್ಲ ಎಂದಳು. ಮೂರನೆಯದಕ್ಕೆ ಬೆರಳು ಅರ್ಧ ದಾರಿ ಹೋಗಿತ್ತು ಎಂದೂ ಹೇಳಿದಳು.

ಮೇಲ್ವಿಚಾರಕ ಲಾಯ್ಡ್ ಎಲ್ಲರನ್ನೂ ನಿಲ್ಲಿಸಿದ. ತೋಟಾ ಹೊರತೆಗೆದು ನಳಿಗೆಯ ಹಿಂದೆ ಬೆಳಕು ಹಿಡಿದರೆ ಈಚೆ ಕತ್ತಲೆ. ಗುಂಡು ಒಂದಿಂಚು ಒಳಗೆ ಹೋಗಿ ಸಿಕ್ಕಿಕೊಂಡಿತ್ತು. ಆ ಚಿಪ್ಪಿನಲ್ಲಿ ಮದ್ದೇ ಇರಲಿಲ್ಲ. ತಳದ ಬಿಲ್ಲೆಯ ಕಿಡಿಯೊಂದೇ ಅದನ್ನು ಅಲ್ಲಿಯವರೆಗೆ ದೂಡಿತ್ತು. ಮುಂದಿನ ಗುಂಡನ್ನು ಅದರ ಬೆನ್ನಿಗೆ ಹೊಡೆದಿದ್ದರೆ ನಳಿಗೆ ಸೀಳಿಹೋಗುತ್ತಿತ್ತು, ಹೊಡೆದವಳ ಮುಖದಿಂದ ಒಂದು ಮೊಳ ದೂರದಲ್ಲಿ.

ಎಲ್ವುಡ್ ಮರದ ಕಡ್ಡಿಯಿಟ್ಟು ಮೆಲ್ಲಗೆ ತಟ್ಟಿದರು. ಗುಂಡು ಅವರ ಅಂಗೈಗೆ ಬಿತ್ತು. ಕನ್ನಡಕ ಮೇಲಕ್ಕೆ ಸರಿಸಿ, ಎಡಗಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಸುರುಳಿ ಗೀರುಗಳು ಸುತ್ತಲೂ ಒಂದೇ ಆಳ, ಒಂದೇ ಅಗಲ, ಎಲ್ಲೂ ಸಂದಿಲ್ಲ. ನಳಿಗೆಯೊಳಗೆ ಮೂವತ್ತೊಂದು ಗುಂಡು ಹೋದ ಮೇಲೂ ಒಂದು ಚೂರು ಸೀಸವಿಲ್ಲ. ಗುಂಡು ಎಷ್ಟು ಸರಿಯಾಗಿ ಕೂತಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರೂ ತರಲಾರರು.

ಬರ್ನಡೆಟ್ ನಳಿಗೆಯೊಳಗೆ ಇಣುಕಿ, “ಅಪ್ಪ ಹೋದಮೇಲೆ ಇದೇ ಮೊದಲು, ಒಳಗೆ ನನ್ನ ಕಣ್ಣು ನಂಗೇ ಕಾಣ್ತಿರೋದು” ಎಂದಳು. ಸಮಾಧಾನ ಹೇಳುವ ದನಿ.

ಎಲ್ವುಡ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರ ಬಲಗೈ ಉಣ್ಣೆ ಅಂಗಿಯ ಜೇಬಿಗೆ ಹೋಗಿ, ಅಲ್ಲಿ ಏನನ್ನೋ ಮುಟ್ಟಿ, ಅಲ್ಲೇ ನಿಂತಿತು. ತೆಗೆದಾಗ ಬೆರಳುಗಳ ನಡುವೆ ಅವರ ಹೆಸರಿನ ಸಾಲು ಇತ್ತು.

ಆ ಪಟ್ಟಿಯ ಕೆಲಸ ಏನೆಂದು ನಮಗೆಲ್ಲ ಗೊತ್ತಿತ್ತು. ಐವತ್ತು ಗುಳಿಗಳ ಮರದ ಹಲಗೆಯಲ್ಲಿ ಖಾಲಿ ಚಿಪ್ಪುಗಳನ್ನು ನಿಲ್ಲಿಸಿ, ಒಂದೊಂದನ್ನೇ ಅಳತೆಯಂತ್ರದ ಕೆಳಗೆ ತಂದು ಮದ್ದು ಬೀಳಿಸುವಾಗ, ಎಲ್ಲಿಯವರೆಗೆ ಬಂತು ಎನ್ನುವುದಕ್ಕೆ ಗುರುತಾಗಿ ಅವರು ಆ ಪಟ್ಟಿಯನ್ನು ಹಲಗೆಯ ಮೇಲೆ ಇಡುತ್ತಿದ್ದರು. ಪುಸ್ತಕಕ್ಕೆ ನವಿಲುಗರಿ ಇಟ್ಟ ಹಾಗೆ. ಹದಿಮೂರು ವರ್ಷದಲ್ಲಿ ಅದು ಹಲಗೆ ಬಿಟ್ಟು ಬೇರೆಡೆ ಕಂಡದ್ದಿಲ್ಲ.

“ಹೊಸ ಸೀಸ ಎಷ್ಟು ಮೆತ್ತಗಿದೆ ಅಂತ ಉಗುರಲ್ಲಿ ಕೆರೆದು ನೋಡ್ತಿದ್ದೆ. ಹೋಲಿಸೋಕೆ ಗಡುಸಿನದು ಒಂದು ಬೇಕಿತ್ತು. ಕೈಗೆ ಹತ್ತಿರ ಇದ್ದದ್ದು ಇದೇ” ಎಂದರು.

“ಎಷ್ಟು ಸಲ ಎತ್ತಿದ್ರಿ?” ಬರ್ನಡೆಟ್ ಕೇಳಿದಳು.

“ಎರಡು ಸಲ. ಮೂರೂ ಇರಬಹುದು.”

ಒಂದು ಸಲ ಎತ್ತಿ ಇಡುವಾಗ ಒಂದು ಮನೆ ಮುಂದೆ ಇಟ್ಟರೆ ಒಂದು ಚಿಪ್ಪು ಖಾಲಿ ಉಳಿಯುತ್ತದೆ. ಒಂದು ಮನೆ ಹಿಂದೆ ಇಟ್ಟರೆ, ತುಂಬಿದ ಚಿಪ್ಪಿಗೇ ಮತ್ತೊಂದು ಚಿಟಿಕೆ ಬೀಳುತ್ತದೆ. ಖಾಲಿಯದು ಬಂದಾಯಿತು. ಎರಡು ಪಾಲು ಮದ್ದಿನದೊಂದು ಇದ್ದರೆ ಅದು ‘ಟಪ್’ ಎನ್ನುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ತೋಟಾಗಳು ಕೂರುವ ಉರುಳೆಯೇ ಒಡೆದು ಹಿಡಿದ ಕೈಯನ್ನೂ ಕಣ್ಣನ್ನೂ ತೆಗೆದುಕೊಂಡು ಹೋಗುತ್ತದೆ. ಅದು ಇದೆಯೋ ಇಲ್ಲವೋ, ಇದ್ದರೆ ಒಂದೋ ಎರಡೋ, ಹೇಳಬಲ್ಲವರು ಯಾರೂ ಇರಲಿಲ್ಲ.

ಲಾಯ್ಡ್ ಮೊದಲು ಸರಿಯಾದ ಪ್ರಶ್ನೆ ಕೇಳಿದ: ಉಳಿದ ಎರಡು ಡಬ್ಬಿ ಎಲ್ಲಿ?

ಒಂದು ಬರ್ನಡೆಟ್‌ಳ ಮನೆಯಲ್ಲಿ, ಫ್ರಿಜ್ಜಿನ ಮೇಲೆ, ಬ್ರೆಡ್ಡಿನ ಪಕ್ಕ. ಇನ್ನೊಂದನ್ನು ಅವಳು ನಿನ್ನೆ ಸಂಜೆ ಎಮಿಲ್‌ಗೆ ಕೊಟ್ಟಿದ್ದಳು. ಈ ಗುಂಡಿಗೆ ಸೀಸ ಹಿಡಿಯುವುದಿಲ್ಲ ಎಂದು ಅವಳು ಹೇಳಿದ್ದಕ್ಕೆ ಅವನು, ಹಾಗಾದರೆ ಶನಿವಾರ ಬೆಳಿಗ್ಗೆ ಐವತ್ತೂ ಹೊಡೆದು ನೋಡಿ ಕ್ರೆಬ್ಸ್ ಮುದುಕನ ಜಂಬ ಇಳಿಸುತ್ತೇನೆ ಎಂದಿದ್ದ.

ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

ಎಮಿಲ್ ಮನೆಗೆ ಫೋನ್ ಮಾಡಿದರು. ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಶನಿವಾರ, ಅವನ ಹೆಂಡತಿ ಹೆಲೆನ್ ಉಳಿದ ಹೆಂಗಸರ ಜೊತೆ ಚರ್ಚಿನ ಹಾಲಿನಲ್ಲಿ ಆಲೂಗಡ್ಡೆ ಕಡುಬಿನ ಬಾಯಿ ಮುಚ್ಚುತ್ತಿದ್ದಳು. ಎಮಿಲ್ ಇರುವುದು ಮನೆಯ ಹಿಂದೆ ಅರ್ಧ ಮೈಲಿ ದೂರದ ಗಣಿ ದಿಬ್ಬದಲ್ಲಿ. ಅಲ್ಲಿಗೆ ಫೋನಿನ ತಂತಿ ಹೋಗುವುದಿಲ್ಲ, ದೇವರ ಮಾತೂ ಹೋಗುವುದಿಲ್ಲ ಎಂದು ಅವನೇ ಹೇಳುವುದಿತ್ತು.

ಎಲ್ವುಡ್‌ರ ಕಾರನ್ನು ನಾನು ಓಡಿಸಿದೆ. ಕೀಲಿ ಹಾಕಲು ಹೋಗಿ ಅವರ ಕೈ ಮೂರು ಸಲ ತಪ್ಪಿತ್ತು. ಹನ್ನೊಂದು ಮೈಲಿ, ಅರ್ಧ ಕರಗಿದ ಹಿಮ, ಅರ್ಧ ಕೆಸರು. ಹಿಂದಿನ ಸೀಟಿನಲ್ಲಿ ಬರ್ನಡೆಟ್ ಜಪಮಣಿ ಇಲ್ಲದೆ ಬೆರಳಿನಲ್ಲೇ ಜಪ ಎಣಿಸುತ್ತಿದ್ದಳು. ಎಲ್ವುಡ್ ತಮ್ಮ ಹೆಸರಿನ ಪಟ್ಟಿಯನ್ನು ಹಿಡಿದುಕೊಂಡೇ ಇದ್ದರು. ಸಾಲು ಒತ್ತುವಾಗ ತಪ್ಪಿದರೆ ತಮ್ಮ ಬೆರಳಿಗೇ ಗೊತ್ತಾಗುತ್ತಿತ್ತು, ಈ ಸಲ ಬೆರಳೂ ಹೇಳಲಿಲ್ಲ ಎಂದರು. ಬೆರಳು ಹೇಳುವುದಕ್ಕೂ ಮೊದಲು ಆ ತಪ್ಪುಗಳನ್ನು ಹಿಡಿಯುತ್ತಿದ್ದವರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ನೆಲಮಾಳಿಗೆಯಲ್ಲಿ ಅವರ ಪ್ರೂಫು ಓದಲು ಹದಿಮೂರು ವರ್ಷದಿಂದ ಯಾರೂ ಇರಲಿಲ್ಲ.

ದಿಬ್ಬದ ತಿರುವಿನಲ್ಲಿ ಎಲ್ವುಡ್ ಕಿಟಕಿಯ ಗಾಜು ಇಳಿಸಲು ಹೇಳಿದರು. ತಣ್ಣನೆ ಗಾಳಿಯ ಜೊತೆ ಸದ್ದು ಬಂತು. ದೂರದಲ್ಲಿ ಒಂದು ಗುಂಡು.

ಬದುಕಿದ್ದಾನೆ ಎಂದು ಮೂವರಿಗೂ ಉಸಿರು ಬಂತು. ಬಂದ ಉಸಿರು ಅಲ್ಲೇ ನಿಂತಿತು. ಈಗ ಕೇಳಿದ್ದು ಸರಿಯಾದದ್ದೇ ಎಂದು ಗೊತ್ತಾಗಬೇಕಾದರೆ ಮುಂದಿನದು ಕೇಳಬೇಕು. ಮುಂದಿನದು ಕೇಳಿತು. ಅದರ ಮುಂದಿನದೂ. ರಿವಾಲ್ವರಿನ ಉರುಳೆಯಲ್ಲಿ ಆರು. ಆರಾದ ಮೇಲೆ ಬಿಡುವು, ಮತ್ತೆ ಆರು. ನಾನು ಗಾಡಿ ಓಡಿಸುತ್ತಲೇ ಎಣಿಸಿದೆ. ಒಂದು ಸಾವಿನ ಸುದ್ದಿಗೆ ಕಾಯುವುದು ನನಗೆ ಗೊತ್ತಿತ್ತು. ಹತ್ತು ಸೆಕೆಂಡಿಗೊಂದು ಸಲ ಕಾಯುವುದನ್ನು ಅವತ್ತು ಕಲಿತೆ. ಗುಂಡಿಗೂ ಗುಂಡಿಗೆಗೂ ಒಂದೇ ತಾಳ.

ಎರಡನೆಯ ಆರರಲ್ಲಿ ನಾಲ್ಕು ಕೇಳಿದವು.

ಐದನೆಯದು ಬರಲಿಲ್ಲ.

ಗಾಡಿಯ ಚಕ್ರದ ಕೆಸರಿನ ಸದ್ದು ಬಿಟ್ಟರೆ ಏನೂ ಇಲ್ಲ. ಬರ್ನಡೆಟ್‌ಳ ಜಪ ನಿಂತುಹೋಗಿತ್ತು. ನಾಲ್ಕನೆಯದರ ಸದ್ದು ಬೇರೆ ಥರ ಇತ್ತೇ ಎಂದು ಎಲ್ವುಡ್ ಮೆಲ್ಲಗೆ ನನ್ನನ್ನು ಕೇಳಿದರು. ಇರಲಿಲ್ಲ ಎಂದೆ. ನನಗೆ ಗೊತ್ತಿರಲಿಲ್ಲ.

ಗಣಿ ದಾರಿಗೆ ಸರಪಳಿ ಬಿಗಿದಿತ್ತು. ಗಾಡಿ ಅಲ್ಲೇ ಬಿಟ್ಟು ಕಪ್ಪು ಕೆಸರಿನಲ್ಲಿ ಓಡಿದೆವು. ಎಲ್ವುಡ್ ಎರಡು ಸಲ ಮೊಣಕಾಲಿಗೆ ಬಿದ್ದು ಎದ್ದರು. ಬರ್ನಡೆಟ್ ನಮ್ಮಿಬ್ಬರಿಗಿಂತ ಮುಂದೆ ಓಡಿದಳು.

ದಿಬ್ಬದ ಮಗ್ಗುಲು ತಿರುಗಿದರೆ ಎಮಿಲ್ ತನ್ನ ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಕಾಫಿ, ಬೀಟ್ರೂಟ್ ರಸದಲ್ಲಿ ನೆನೆಸಿದ ಕೆಂಪು ಮೊಟ್ಟೆಯ ಬಾಟಲಿ. ತೆರೆದ ರಿವಾಲ್ವರಿನ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದ. ನಮ್ಮನ್ನು ಕಂಡು ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಬಂದ್ರಾ ಯಜಮಾನ್ರೇ? ನಾನು ಸೋತೆ ಅಂತ ನೋಡೋಕೆ ಇಷ್ಟು ದೂರ ಓಡಿ ಬರಬೇಕಿತ್ತಾ? ಇಪ್ಪತ್ತೆಂಟಾಯ್ತು. ಎಲ್ಲಾದ್ರೂ ಒಂದು ಚೂರು ಸೀಸ ಸಿಗುತ್ತೇನೋ ಅಂತ ಕಾಲು ಗಂಟೆಯಿಂದ ಹುಡುಕ್ತಿದೀನಿ, ಇಲ್ಲ ಕಣ್ರೀ.”

ಅದು ಕಾಲು ಗಂಟೆಯಲ್ಲ, ನಾಲ್ಕೇ ನಿಮಿಷ. ನಮಗೂ ಹೆಚ್ಚೇ ಅನ್ನಿಸಿತ್ತು.

ಬರ್ನಡೆಟ್ ಅವನ ಕೈಯಿಂದ ರಿವಾಲ್ವರನ್ನು ಕಿತ್ತುಕೊಂಡು, ಅವನ ಕೆನ್ನೆಗೆ ಒಂದು ಬಿಟ್ಟು, ಆಮೇಲೆ ಅದೇ ಕೆನ್ನೆಗೆ ತನ್ನ ಕೆನ್ನೆ ಒತ್ತಿ ನಿಂತಳು. ಎಲ್ವುಡ್‌ರೇ ವಿಷಯ ಹೇಳಿದರು, ಯಾವ ಪದವನ್ನೂ ಮೆತ್ತಗೆ ಮಾಡದೆ. ಎಮಿಲ್‌ನ ನಗು ಮುಖದ ಮೇಲೇ ಉಳಿದು ತಣ್ಣಗಾಯಿತು. ಹೊರತೆಗೆದಿಟ್ಟಿದ್ದ ಎರಡು ತೋಟಾಗಳನ್ನು ಮೊಟ್ಟೆಯ ಬಾಟಲಿಯಿಂದ ದೂರ ಸರಿಸಿದ, ಅವು ಕೇಳಿಸಿಕೊಳ್ಳುತ್ತವೆಯೋ ಎಂಬಂತೆ.

ಮಧ್ಯಾಹ್ನ ಒಂದಕ್ಕೆ ನಾವೆಲ್ಲ ಎಲ್ವುಡ್‌ರ ನೆಲಮಾಳಿಗೆಯಲ್ಲಿದ್ದೆವು. ತೊಂಬತ್ತು ತೋಟಾ: ಎಮಿಲ್‌ನಿಂದ ಉಳಿದ ಇಪ್ಪತ್ತೆರಡು, ಕ್ಲಬ್ಬಿನಿಂದ ಹದಿನೆಂಟು, ಫ್ರಿಜ್ಜಿನ ಮೇಲಿನ ಐವತ್ತು. ತಕ್ಕಡಿಯಲ್ಲಿ ತೂಗಿದರೆ ಭಾರದ್ದು ಯಾವುದು ಎಂದು ಗೊತ್ತಾಗುವುದಿಲ್ಲವೇ ಎಂದು ಎಮಿಲ್ ಕೇಳಿದ. ಗೊತ್ತಾಗುವುದಿಲ್ಲ. ಕೈ ಎರಕದ ಗುಂಡು ಒಂದಕ್ಕಿಂತ ಒಂದು ಸ್ವಲ್ಪ ಹೆಚ್ಚುಕಡಿಮೆ, ಹತ್ತು ಕಡೆಯಿಂದ ಆರಿಸಿದ ಚಿಪ್ಪೂ ಹಾಗೇ. ಒಂದು ಚಿಟಿಕೆ ಮದ್ದು ಆ ಹೆಚ್ಚುಕಡಿಮೆಯೊಳಗೇ ಅಡಗಿ ಕೂತುಬಿಡುತ್ತದೆ. ಒಂದೊಂದನ್ನೂ ಬಿಚ್ಚಬೇಕು.

ಬಿಚ್ಚುವ ಸಲಕರಣೆ ಸುತ್ತಿಗೆಯ ಆಕಾರದ್ದು. ಅದರ ಪೊಳ್ಳು ತಲೆಯೊಳಗೆ ತೋಟಾ ಸಿಗಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡು ಕಳಚಿ, ಮದ್ದು ಕೆಳಗೆ ಸುರಿಯುತ್ತದೆ. ಎಮಿಲ್ ಕುಟ್ಟಿದ. ಬರ್ನಡೆಟ್ ಮದ್ದನ್ನು ತಕ್ಕಡಿಯ ತಟ್ಟೆಗೆ ಸುರಿದು, ಮುಳ್ಳು ನೋಡಿ, “ಸರಿ” ಎಂದಳು. ಎಲ್ವುಡ್ ತಟ್ಟೆ ಖಾಲಿ ಮಾಡಿ ಮುಂದಿನದನ್ನು ಕೊಟ್ಟರು. ಕುಟ್ಟು, ಸುರಿ, ಸರಿ. ಮೇಲಿನ ಮೆಟ್ಟಿಲ ಮೇಲೆ ಅವರ ಹೆಂಡತಿ ವರ್ನಾ ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು; ಒರೆಸಲು ಏನೂ ಇರಲಿಲ್ಲ.

ಎಮಿಲ್‌ನ ಇಪ್ಪತ್ತೆರಡು ಸರಿ. ಕ್ಲಬ್ಬಿನ ಹದಿನೆಂಟೂ ಸರಿ. ಎಮಿಲ್‌ಗೆ ತಮಾಷೆ ಮರಳಿ ಬರತೊಡಗಿತು: ಎರಡನೇ ಸಲ ಎತ್ತಿದಾಗ ಯಜಮಾನರು ಮರೆಯದೆ ಅಲ್ಲೇ ಇಟ್ಟಿರಬೇಕು, ಸುಮ್ಮನೆ ನನ್ನ ಕೆನ್ನೆಗೆ ಏಟು ಬಿತ್ತು ಎಂದ. ಫ್ರಿಜ್ಜಿನ ಮೇಲಿದ್ದ ಡಬ್ಬಿ ತೆರೆದರು. ಹತ್ತು ಸರಿ, ಇಪ್ಪತ್ತು ಸರಿ, ಮೂವತ್ತು.

ಮೂವತ್ತೇಳನೆಯದನ್ನು ಸುರಿದಾಗ ಬರ್ನಡೆಟ್ ಏನೂ ಹೇಳಲಿಲ್ಲ.

ತಕ್ಕಡಿಯ ಕಡ್ಡಿ ಒಂದು ಕಡೆಗೆ ಬಿದ್ದು ಅಲ್ಲೇ ಕೂತಿತ್ತು. ತಟ್ಟೆಯ ತಳದಲ್ಲಿ ಬೂದು ಬಣ್ಣದ ಗುಪ್ಪೆ, ಉಳಿದವಕ್ಕಿಂತ ಸರಿಯಾಗಿ ಎರಡರಷ್ಟು. ಬ್ರೆಡ್ಡಿನ ಪಕ್ಕದಲ್ಲಿ, ಯಾರೂ ಹೆದರದ ಜಾಗದಲ್ಲಿ, ಎರಡು ದಿನ ತಣ್ಣಗೆ ಕೂತಿತ್ತು ಅದು. ಮುಂದಿನ ಶನಿವಾರದ ಡಬ್ಬಿ. ಎಮಿಲ್ ಸುತ್ತಿಗೆ ಕೆಳಗಿಟ್ಟ. ಬರ್ನಡೆಟ್ ತನ್ನ ಬಲಗೈಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

ಎಲ್ವುಡ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಉಳಿದ ಹದಿಮೂರನ್ನೂ ನಾವು ಬಿಚ್ಚಿದೆವು. ಎಲ್ಲವೂ ಸರಿಯಾಗಿದ್ದವು. ಅವರು ಯಾವುದಕ್ಕೂ ತಲೆಯೆತ್ತಲಿಲ್ಲ.

“ನೋಡಿದೆ ಬರ್ನಡೆಟ್. ಗುಂಡು ಕೂರಿಸೋ ಮುಂಚೆ ಟಾರ್ಚ್ ಹಿಡ್ಕೊಂಡು ಒಂದೊಂದರೊಳಗೂ ನೋಡಿದೆ. ಬಲಗಣ್ಣು ಒಂದು ವರ್ಷದಿಂದ ಬರೀ ಹಾಲು. ನೋಡಿದೆ ಅಷ್ಟೆ, ಕಾಣಲಿಲ್ಲ.”

ಮೇಲಿನಿಂದ ವರ್ನಾ, “ಚರ್ಚಿನಲ್ಲಿ ಹಾಡಿನ ಪುಸ್ತಕ ತೆರೀತಾನೇ ಇರಲಿಲ್ಲ ನೀನು. ಬಾಯಿಪಾಠ ಬಂದಿದೆ ಅಂತ ಜಂಬ ಪಡ್ತಿದ್ದೆ ನಾನು” ಎಂದರು.

ಕಣ್ಣಿನ ಡಾಕ್ಟರು ಚಾಕು ಹಿಡಿಯುತ್ತಾರೆಂಬ ಹೆದರಿಕೆಗೆ ಅವರು ಯಾರಿಗೂ ಹೇಳಿರಲಿಲ್ಲ. ಒಂದು ಹೆದರಿಕೆಯನ್ನು ಬಚ್ಚಿಡಲು ಹೋಗಿ ಇನ್ನೊಬ್ಬಳ ಕಣ್ಣನ್ನು ಪಣಕ್ಕಿಟ್ಟೆ ಎಂದು ಅವರೇ ಹೇಳಿದರು. ಗುಂಡು ಕೂರಿಸುವ ಒತ್ತುಯಂತ್ರ, ಅಳತೆಯಂತ್ರ, ಅಚ್ಚು, ಉಳಿದ ನಾಲ್ಕು ಬಕೆಟ್ ಸೀಸ, ಎಲ್ಲವನ್ನೂ ಇವತ್ತೇ ತೆಗೆದುಕೊಂಡು ಹೋಗು ಎಂದರು ಬರ್ನಡೆಟ್‌ಗೆ.

ಅವಳು ನನ್ನ ಕಡೆ ಬೆರಳು ತೋರಿಸಿ, “ಇವರು ಇದ್ದಷ್ಟು ದಿನ ಪೇಪರಿನಲ್ಲಿ ನಿಮ್ಮ ತಪ್ಪು ಯಾರ ಮನೆಗಾದ್ರೂ ಹೋಗಿತ್ತಾ?” ಎಂದು ಕೇಳಿದಳು. ಹೋಗಿರಲಿಲ್ಲ ಎಂದು ನಾನೇ ಹೇಳಬೇಕಾಯಿತು; ಪೂರ್ತಿ ನಿಜವಲ್ಲ, ಒಮ್ಮೆ ಮೇಯರರ ಶ್ರದ್ಧಾಂಜಲಿಯಲ್ಲಿ ಹೋಗಿತ್ತು.

ಏಪ್ರಿಲಿನಲ್ಲಿ ಎಲ್ವುಡ್‌ರ ಕಣ್ಣಿನ ಪೊರೆ ತೆಗೆದರು. ಆಸ್ಪತ್ರೆಯ ಮಂಚದ ಮೇಲೆ ವರ್ನಾರ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಉಂಗುರದ ಗುರುತು ಎರಡು ದಿನ ಉಳಿಯಿತಂತೆ. ಕಣ್ಣು ಬಂದ ಮೇಲೂ ಅವರು ಒಬ್ಬರೇ ಮದ್ದು ತುಂಬಲು ಒಪ್ಪಲಿಲ್ಲ. ಭಾನುವಾರ ಚರ್ಚು ಮುಗಿಸಿ ಬರ್ನಡೆಟ್ ಬರುತ್ತಾಳೆ. ಅವರು ತುಂಬುತ್ತಾರೆ, ಅವಳು ಟಾರ್ಚ್ ಹಿಡಿದು ಒಂದೊಂದು ಚಿಪ್ಪಿನೊಳಗೂ ಇಣುಕಿ, “ಇದೆ”, “ಇದೆ” ಎಂದು ಗಟ್ಟಿಯಾಗಿ ಓದುತ್ತಾಳೆ, ಐವತ್ತು ಸಲ. ಮಧ್ಯೆ ಫೋನ್ ಬಂದರೆ, ವರ್ನಾ ಕರೆದರೆ, ಯಾರಾದರೂ ಸೀನಿದರೂ ಸಹ, ಇಡೀ ಹಲಗೆಯ ಮದ್ದನ್ನು ಸುರಿದು ಮೊದಲಿನಿಂದ ಶುರು.

ಗುರುತಿಗೆ ಈಗ ಪಟ್ಟಿ ಇಲ್ಲ. ಆ ಶನಿವಾರವೇ, ನಾವು ಮೆಟ್ಟಿಲು ಹತ್ತುವ ಮುಂಚೆ, ಎಲ್ವುಡ್ ಪಾತ್ರೆಯ ಕೆಳಗೆ ಬೆಂಕಿ ಹಚ್ಚಿ, ಸೀಸ ಕರಗುವವರೆಗೆ ಕಾದು, ತಮ್ಮ ಹೆಸರಿನ ಸಾಲನ್ನು ಅದರೊಳಗೆ ಹಾಕಿದರು. ತಪ್ಪಾದ ಸಾಲಿಗೆ ಅವರು ಜೀವಮಾನವಿಡೀ ಮಾಡಿದ್ದು ಅದನ್ನೇ. ಅಕ್ಷರಗಳು ಒಂದೊಂದಾಗಿ ಬಾಗಿ, ಮುಳುಗಿ ಹೋದವು. ನನಗೆ ಗೀಟು ಹಾಕಲು ಏನೂ ಉಳಿಯಲಿಲ್ಲ.

ನಳಿಗೆಯಿಂದ ತಟ್ಟಿ ತೆಗೆದ ಗುಂಡು ಮಾತ್ರ ಬರ್ನಡೆಟ್‌ಳ ಬಳಿ ಇದೆ, ಫ್ರಿಜ್ಜಿನ ಮೇಲೆ. ಅವಳ ರಿವಾಲ್ವರಿಗೆ ಇವತ್ತಿನವರೆಗೂ ಸೀಸ ಹಿಡಿದಿಲ್ಲ. ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮುಗಿಯಿತು. ಆದರೆ ಅವಸರದ ಸುತ್ತಿನಲ್ಲಿ ಅವಳು ಹಿಂದೆ ಬಿದ್ದಿದ್ದಾಳೆ. ಒಂದೊಂದು ಗುಂಡಾದ ಮೇಲೂ ಅವಳ ಬೆರಳು ಒಂದು ಗಳಿಗೆ ನಿಂತು, ಕೈಗೆ ಬಂದ ಒದೆತವನ್ನು ಮತ್ತೊಮ್ಮೆ ಲೆಕ್ಕ ಹಾಕಿ, ಆಮೇಲೆ ಮುಂದಕ್ಕೆ ಹೋಗುತ್ತದೆ. ಹತ್ತು ಸೆಕೆಂಡು ಮುಗಿದಾಗ ಎಷ್ಟೋ ಸಲ ನಾಲ್ಕೇ ಆಗಿರುತ್ತದೆ. ಐದನೆಯದು ಉರುಳೆಯಲ್ಲೇ ಉಳಿಯುತ್ತದೆ. ಲಾಯ್ಡ್ ಅದನ್ನು ಸೊನ್ನೆ ಎಂದು ಬರೆದುಕೊಳ್ಳುತ್ತಾನೆ.

ಅವಳ ಹಿಂದಿನ ಮಡಚು ಕುರ್ಚಿಯಲ್ಲಿ ಎಲ್ವುಡ್ ಕೂತಿರುತ್ತಾರೆ. ಅವಳು ಹೊಡೆಯುವಾಗ ಅವರು ಗುರಿಯ ಕಾಗದವನ್ನು ನೋಡುವುದೇ ಇಲ್ಲ. ಹೊಸ ಕಣ್ಣು, ಹಳೆಯ ಕಣ್ಣು, ಎರಡನ್ನೂ ಮುಚ್ಚಿಕೊಂಡು ಕೇಳುತ್ತಿರುತ್ತಾರೆ.